ಮಳೆ ದಾಖಲೆಯ ಸರ್ವರ್: ನಮ್ಮದೇ ಫೋಲ್ಡರ್ ತೆರೆಯಲು ಹೋದರೆ 'ಪರ್ಮಿಷನ್ ಡಿನೈಡ್'

ಮಳೆಲೆಕ್ಕ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕಪಕ್ಕದ ತೋಟದವರು ಸೇರಿ ಮಳೆ ದಾಖಲೆಗೆ ಒಂದು ಸಣ್ಣ ಸರ್ವರ್ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಇಂಚು-ಸೆಂಟಿನಲ್ಲಿ ಪುಸ್ತಕಕ್ಕೆ ಬರೆಯುವುದು ಇಲ್ಲಿ ಹಿರಿಯರ ಕಾಲದಿಂದ ಬಂದ ರೂಢಿ. ಆ ಹಳೆ ಪುಸ್ತಕಗಳ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ವರ್ಷವಾರು ಫೋಲ್ಡರ್‌ಗಳಲ್ಲಿ ಹಾಕಿದ್ದೇವೆ. ಕಾಫಿ ಹೂವಿಗೆ ಬೇಕಾದ ಹೂಮಳೆ ಯಾವ ವರ್ಷ ಯಾವಾಗ ಬಂತು, ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟಿದ್ದು ಯಾವಾಗ ಅಂತ ಫೋನಿನಲ್ಲೇ ನೋಡಬಹುದಿತ್ತು. ಗುಡ್ಡ ಜಾರಿದ 2018ರ ಆಗಸ್ಟಿನ ಪುಟಗಳೂ ಇದರಲ್ಲೇ ಇವೆ. ಅವನ್ನು ಕಳೆದುಕೊಳ್ಳುವ ಮನಸ್ಸು ಯಾರಿಗೂ ಇಲ್ಲ.

ಹಳೆ ಕಂಪ್ಯೂಟರ್ ಸಿಡಿಲಿಗೆ ಹೋಯಿತು, ಡಿಸ್ಕ್ ಉಳಿಯಿತು. ಹೊಸ ಮಿನಿ ಪಿಸಿ ತಂದು ಉಬುಂಟು 24.04 ಹಾಕಿಸಿದೆವು. ಮೊದಲು ಇದ್ದದ್ದು 20.04. ಹಾಕಿಕೊಟ್ಟವರೇ ದಾಖಲೆಗಳನ್ನು ಕಾಪಿ ಮಾಡಿ, ವೆಬ್ ಪುಟಕ್ಕೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಜೋಡಿಸಿ ಹೋದರು. ಈಗ ಬ್ರೌಸರಿನಲ್ಲಿ ತೆರೆದರೆ 403 ಫರ್ಬಿಡನ್. ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಡೆಯಿಂದ ಲಾಗಿನ್ ಆಗಿ ಆಜ್ಞೆ ಕೊಡುವ ದಾರಿ) ಒಳಗೆ ಹೋಗಿ 'ಸಿಡಿ ದಾಖಲೆ/2018' ಅಂದರೆ 'ಪರ್ಮಿಷನ್ ಡಿನೈಡ್'. 'ಎಲ್‌ಎಸ್ -ಎಲ್ ದಾಖಲೆ' ಅಂದರೆ ವರ್ಷಗಳ ಹೆಸರು ಕಾಣುತ್ತದೆ, ಆದರೆ ಪಕ್ಕದಲ್ಲಿ ಗಾತ್ರ, ತಾರೀಕು, ಮಾಲೀಕರ ಹೆಸರು ಬರಬೇಕಾದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಡಿಸ್ಕೇ ಕೆಟ್ಟುಹೋಯಿತಾ ಅಂತ ಮನೆಯವರೆಲ್ಲ ಗಾಬರಿಯಾಗಿದ್ದಾರೆ. ರೂಟ್ ಅನ್ನುವ ಮುಖ್ಯ ಬಳಕೆದಾರನ ಹಕ್ಕಿನಲ್ಲಿ ಓಡಲಿ ಅಂತ ಸುಡೊ ಸೇರಿಸಿ 'ಸುಡೊ ಸಿಡಿ ದಾಖಲೆ' ಅಂತ ಕೊಟ್ಟರೆ 'ಕಮಾಂಡ್ ನಾಟ್ ಫೌಂಡ್' ಅನ್ನುತ್ತದೆ.

ಬಳಕೆದಾರರ ಹೆಸರು 'ಮಳೆ', ಫೋಲ್ಡರಿನ ಹೆಸರು 'ದಾಖಲೆ'. ಮಷೀನಿನಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇವೆ. ಫೋನಿನಿಂದ ಬರೆಯುತ್ತಿರುವುದರಿಂದ ಇಲ್ಲಿ ಕನ್ನಡದಲ್ಲಿ ಹಾಕಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ವಿರಾಜಪೇಟೆ_ಬಿಸಿಎ

ಅಕ್ಕ, 'ಸುಡೊ ಸಿಎಚ್‌ಮಾಡ್ -ಆರ್ 777 ದಾಖಲೆ' ಕೊಡಿ. ಕಾಲೇಜು ಲ್ಯಾಬಲ್ಲಿ ನಾವು ಹಾಗೇ ಮಾಡೋದು, ತಕ್ಷಣ ಓಪನ್ ಆಗುತ್ತೆ.

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಮೇಡಂ, ದಯವಿಟ್ಟು 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡಬೇಡಿ. ಯಾಕೆಂದು ಆಮೇಲೆ ಬಿಡಿಸಿ ಹೇಳುತ್ತೇನೆ. ಮೊದಲು ಒಂದು ಸಮಾಧಾನದ ಮಾತು: ಆ ಪ್ರಶ್ನಾರ್ಥಕ ಚಿಹ್ನೆಗಳು ಡಿಸ್ಕ್ ಕೆಟ್ಟ ಲಕ್ಷಣ ಅಲ್ಲ. ಡಿಸ್ಕ್ ಕೆಟ್ಟಿದ್ದರೆ 'ಇನ್‌ಪುಟ್/ಔಟ್‌ಪುಟ್ ಎರರ್' ಅನ್ನುವ ಬೇರೆಯೇ ಸಂದೇಶ ಬರುತ್ತದೆ. ಹೆಸರು ಕಾಣುತ್ತದೆ, ವಿವರ ಕಾಣುವುದಿಲ್ಲ ಅಂದರೆ ಆ ಡೈರೆಕ್ಟರಿಗೆ (ಫೋಲ್ಡರಿಗೆ) ಓದುವ ಅನುಮತಿ ಇದೆ, ಒಳಹೋಗುವ ಅನುಮತಿ ಇಲ್ಲ. ನಿಮ್ಮ ಪುಟಗಳು ಅಲ್ಲೇ ಇವೆ.

ಸಂದೇಶದ ಪದಗಳನ್ನು ಯಾವತ್ತೂ ಇದ್ದ ಹಾಗೇ ಬರೆದುಕೊಳ್ಳಿ. ನೀವು ಬರೆದಿದ್ದೀರಿ, ಅದಕ್ಕೇ ಅರ್ಧ ಕೆಲಸ ಆಗಿದೆ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬಂದಿದ್ದರೆ ಅನುಮತಿಯ ತಂಟೆಗೇ ಹೋಗಬೇಕಿರಲಿಲ್ಲ, ಹೆಸರಿನ ಕಾಗುಣಿತ, ದೊಡ್ಡಕ್ಷರ-ಸಣ್ಣಕ್ಷರ, ಹೆಸರಿನ ನಡುವಿನ ಖಾಲಿ ಜಾಗ ನೋಡಬೇಕಿತ್ತು. 'ನಾಟ್ ಎ ಡೈರೆಕ್ಟರಿ' ಅಂದರೆ ದಾರಿಯ ನಡುವೆ ಎಲ್ಲೋ ಫೋಲ್ಡರ್ ಬದಲು ಫೈಲ್ ಕೂತಿದೆ. 'ಆಪರೇಷನ್ ನಾಟ್ ಪರ್ಮಿಟೆಡ್' ಅನ್ನುವುದೂ ಬೇರೆ: ಬೇರೆಯವರ ಫೈಲಿನ ಅನುಮತಿ ಬದಲಿಸಲು ಹೋದಾಗ ಬರುವುದು ಅದು. ನಿಮ್ಮದು ಶುದ್ಧ 'ಪರ್ಮಿಷನ್ ಡಿನೈಡ್'.

ಸುಡೊ ಸಿಡಿ ಯಾಕೆ ನಡೆಯುವುದಿಲ್ಲ ಅಂದರೆ, ಸಿಡಿ ಅನ್ನುವುದು ಪ್ರತ್ಯೇಕ ಪ್ರೋಗ್ರಾಂ ಅಲ್ಲ, ಶೆಲ್‌ನ ಒಳಗಿನ ಆಜ್ಞೆ. ಸುಡೊ ಹುಡುಕುವುದು ಪ್ರೋಗ್ರಾಂಗಳನ್ನು. ನೋಡಲೇಬೇಕೆಂದರೆ 'ಸುಡೊ ಎಲ್‌ಎಸ್ -ಎಲ್ ದಾಖಲೆ/2018' ಕೊಡಿ, ಕಾಣುತ್ತದೆ.

ಈಗ ಎರಡು ಆಜ್ಞೆಗಳ ಉತ್ತರ ಬೇಕು. ಒಂದು, 'ಐಡಿ'. ಇನ್ನೊಂದು, 'ನೇಮ್‌ಐ -ಎಲ್ /ಹೋಮ್/ಮಳೆ/ದಾಖಲೆ/2018'. ಎರಡನೆಯದಕ್ಕೆ ಸುಡೊ ಹಾಕದೆ ಕೊಡಿ, ನಿಮ್ಮ ಕಣ್ಣಿಗೆ ಏನು ಕಾಣುತ್ತದೋ ಅದೇ ಬೇಕು. ಎಂಜಿನ್‌ಎಕ್ಸ್‌ನ ಎರರ್ ಲಾಗಿನ ಕೊನೆಯ ಸಾಲನ್ನೂ ಹಾಕಿ.

ಮಳೆಲೆಕ್ಕ (ನಾಪೋಕ್ಲು)

ಧನ್ಯವಾದ ಸಾರ್. 'ಸುಡೊ ಎಲ್‌ಎಸ್' ಕೊಟ್ಟ ಕೂಡಲೇ 2018ರ ಎಲ್ಲ ಪುಟಗಳೂ ಕಂಡವು, ಜೀವ ಬಂದ ಹಾಗಾಯಿತು. ನೇಮ್‌ಐ ಕೊಟ್ಟದ್ದು ಇದು:

ಡಿ ಆರ್‌ಡಬ್ಲ್ಯೂಎಕ್ಸ್ ಆರ್-ಎಕ್ಸ್ ಆರ್-ಎಕ್ಸ್ ರೂಟ್ ರೂಟ್ /
ಡಿ ಆರ್‌ಡಬ್ಲ್ಯೂಎಕ್ಸ್ ಆರ್-ಎಕ್ಸ್ ಆರ್-ಎಕ್ಸ್ ರೂಟ್ ರೂಟ್ ಹೋಮ್
ಡಿ ಆರ್‌ಡಬ್ಲ್ಯೂಎಕ್ಸ್ ಆರ್-ಎಕ್ಸ್ --- ಮಳೆ ಮಳೆ ಮಳೆ
ಡಿ ಆರ್‌ಡಬ್ಲ್ಯೂ- ಆರ್-- ಆರ್-- ಮಳೆ ಮಳೆ ದಾಖಲೆ
2018 - ಪರ್ಮಿಷನ್ ಡಿನೈಡ್

ಐಡಿ ಕೊಟ್ಟರೆ ಯುಐಡಿ 1000, ಹೆಸರು ಮಳೆ, ಗುಂಪುಗಳು ಮಳೆ, ಸುಡೊ ಇನ್ನೂ ಒಂದಷ್ಟು. ಎಂಜಿನ್‌ಎಕ್ಸ್ ಲಾಗಿನಲ್ಲಿ ಫೋಲ್ಡರಿನ ಹೆಸರಿನ ಮುಂದೆ '13: ಪರ್ಮಿಷನ್ ಡಿನೈಡ್' ಅಂತಿದೆ.

ಒಂದು ಅನುಮಾನ. ದಾಖಲೆ ಫೋಲ್ಡರಿನ ಮಾಲೀಕರ ಜಾಗದಲ್ಲಿ ನನ್ನ ಹೆಸರೇ ಇದೆಯಲ್ಲ, ಆದರೂ ನನ್ನನ್ನೇ ಯಾಕೆ ತಡೆಯುತ್ತದೆ?

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಎಲ್ಲ ಈ ಐದು ಸಾಲಿನಲ್ಲೇ ಇದೆ. ಇಲ್ಲಿರುವುದು ಒಂದು ತೊಂದರೆಯಲ್ಲ, ಎರಡು, ಒಂದರ ಹಿಂದೆ ಒಂದು ಅಡಗಿಕೊಂಡಿವೆ. ನಿಮ್ಮನ್ನು ತಡೆಯುತ್ತಿರುವುದು ಒಂದು, ವೆಬ್ ಸರ್ವರನ್ನು ತಡೆಯುತ್ತಿರುವುದು ಇನ್ನೊಂದು. ಒಂದನ್ನು ಮಾತ್ರ ಸರಿಮಾಡಿದ್ದರೆ 403 ಹೋಗುತ್ತಿರಲಿಲ್ಲ, 'ಏನು ಮಾಡಿದರೂ ಆಗಲಿಲ್ಲ' ಅಂತ ಕೈಬಿಡುತ್ತಿದ್ದಿರಿ.

ಪ್ರತಿ ಸಾಲಿನ ಮೊದಲಲ್ಲಿ ಡಿ, ಅಂದರೆ ಡೈರೆಕ್ಟರಿ, ಆದ ಮೇಲೆ ಮೂರು-ಮೂರರ ಮೂರು ಗುಂಪು ಇವೆ: ಮಾಲೀಕರಿಗೆ, ಗುಂಪಿಗೆ, ಉಳಿದವರಿಗೆ. ಫೈಲಿನ ಮಟ್ಟಿಗೆ ಆರ್ ಅಂದರೆ ಓದು, ಡಬ್ಲ್ಯೂ ಅಂದರೆ ಬರೆ, ಎಕ್ಸ್ ಅಂದರೆ ಓಡಿಸು. ಡೈರೆಕ್ಟರಿಯ ಮಟ್ಟಿಗೆ ಅರ್ಥ ಬದಲಾಗುತ್ತದೆ, ಜನ ಎಡವುವುದು ಇಲ್ಲೇ. ಡೈರೆಕ್ಟರಿಗೆ ಆರ್ ಇದ್ದರೆ ಒಳಗಿರುವ ಹೆಸರುಗಳ ಪಟ್ಟಿ ಸಿಗುತ್ತದೆ, ಅಷ್ಟೇ. ಡಬ್ಲ್ಯೂ ಇದ್ದರೆ ಹೊಸ ಹೆಸರು ಸೇರಿಸಬಹುದು, ಇದ್ದದ್ದನ್ನು ಅಳಿಸಬಹುದು, ಆದರೆ ಎಕ್ಸ್ ಜೊತೆಗಿದ್ದರೆ ಮಾತ್ರ. ಎಕ್ಸ್ ಅಂದರೆ ಅದನ್ನು ಹಾದು ಮುಂದೆ ಹೋಗುವ ಹಕ್ಕು. ನಮ್ಮ ತೋಟಗಳಲ್ಲಿ ರಸ್ತೆಯ ಗೇಟು, ಲೈನ್‌ಮನೆಯ ಗೇಟು, ಕಣದ ಗೇಟು ಒಂದಾದ ಮೇಲೆ ಒಂದು ಇರುತ್ತವಲ್ಲ, ಕಣದ ಬೀಗದ ಕೈ ನಿಮ್ಮ ಹತ್ತಿರ ಇದ್ದರೂ ರಸ್ತೆಯ ಗೇಟು ಮುಚ್ಚಿದ್ದರೆ ಕಾಫಿಯ ಹತ್ತಿರ ಹೋಗಲಾಗುವುದಿಲ್ಲ. ಹಾಗೆಯೇ ಮೇಲಿನ ಓರೆಗೆರೆಯಿಂದ ಹಿಡಿದು ಕೊನೆಯ ಫೋಲ್ಡರಿನವರೆಗೆ ಪ್ರತಿಯೊಂದಕ್ಕೂ ಎಕ್ಸ್ ಬೇಕು. ಒಂದೇ ಒಂದು ಕಡೆ ತಪ್ಪಿದರೂ ಕರ್ನೆಲ್ (ಸಿಸ್ಟಮ್ಮಿನ ತಿರುಳು) ಅಲ್ಲೇ ನಿಲ್ಲಿಸುತ್ತದೆ, ಮತ್ತು ಸಂದೇಶದಲ್ಲಿ ಎಲ್ಲಿ ನಿಂತೆ ಅಂತ ಹೇಳುವುದಿಲ್ಲ, ಕೇಳಿದ ಪೂರ್ತಿ ದಾರಿಯನ್ನಷ್ಟೇ ಹೇಳುತ್ತದೆ. ಅದಕ್ಕೇ ಜನ ಕೊನೆಯ ಫೋಲ್ಡರನ್ನೇ ಜಾಲಾಡುತ್ತಾ ಕೂರುತ್ತಾರೆ. ನೇಮ್‌ಐ ಒಂದೊಂದೇ ಹಂತ ಬಿಡಿಸಿ ತೋರಿಸುತ್ತದೆ.

ಈಗ ನಾಲ್ಕನೇ ಸಾಲು ನೋಡಿ, 'ದಾಖಲೆ'. ಮಾಲೀಕರಿಗೆ ಆರ್, ಡಬ್ಲ್ಯೂ ಇವೆ, ಎಕ್ಸ್ ಇರುವ ಜಾಗದಲ್ಲಿ ಗೀಟು. ಅಂಕಿಯಲ್ಲಿ 644. ಆರ್‌ಗೆ 4, ಡಬ್ಲ್ಯೂಗೆ 2, ಎಕ್ಸ್‌ಗೆ 1, ಕೂಡಿಸಿಕೊಳ್ಳಿ. 644 ಫೈಲಿಗೆ ಹೇಳಿಮಾಡಿಸಿದ ಅಂಕಿ, ಡೈರೆಕ್ಟರಿಗೆ ಕೊಟ್ಟರೆ ಬಾಗಿಲು ಮುಚ್ಚಿದ ಹಾಗೆ. ಹೆಸರು ಕಾಣುವುದಕ್ಕೂ ವಿವರದ ಜಾಗದಲ್ಲಿ ಪ್ರಶ್ನಾರ್ಥಕ ಬರುವುದಕ್ಕೂ ಇದೇ ಕಾರಣ. ನೀವು ಮಾಲೀಕರೇ ಹೌದು, ಆದರೆ ಮಾಲೀಕರಿಗೂ ಆ ಮೂರು ಅಕ್ಷರಗಳು ಅನ್ವಯಿಸುತ್ತವೆ. ಕರ್ನೆಲ್ ಮೊದಲು ನೀವು ಮಾಲೀಕರೇ ಅಂತ ನೋಡುತ್ತದೆ, ಹೌದಾದರೆ ಮೊದಲ ಮೂರನ್ನಷ್ಟೇ ಓದಿ ತೀರ್ಮಾನಿಸುತ್ತದೆ. ಗುಂಪಿಗೋ ಉಳಿದವರಿಗೋ ಹೆಚ್ಚು ಕೊಟ್ಟಿದ್ದರೂ ಅದು ನಿಮಗೆ ಸಿಗುವುದಿಲ್ಲ. ರೂಟ್‌ಗೆ ಈ ತಡೆ ಇಲ್ಲ, ಹಾಗಾಗಿ ಸುಡೊದಲ್ಲಿ ಕಂಡಿತು.

ಮೂರನೇ ಸಾಲು ವೆಬ್ ಸರ್ವರಿನ ತೊಂದರೆ. ನಿಮ್ಮ ಹೋಮ್ ಡೈರೆಕ್ಟರಿ 750, 'ಉಳಿದವರಿಗೆ' ಮೂರೂ ಗೀಟು. ಎಂಜಿನ್‌ಎಕ್ಸ್ ಓಡುವುದು 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' ಅನ್ನುವ ಬಳಕೆದಾರನ ಹೆಸರಿನಲ್ಲಿ, ಅವನು ನಿಮ್ಮ ಗುಂಪಿನವನಲ್ಲ. ಹಳೆ ಮಷೀನಿನಲ್ಲಿ ಇದೇ ಜಾಗದಲ್ಲಿ ನಡೆಯುತ್ತಿತ್ತಲ್ಲ ಅಂತ ನೀವು ಕೇಳಬಹುದು. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಡೈರೆಕ್ಟರಿಯನ್ನು 755ರ ಬದಲು 750ರಲ್ಲಿ ಮಾಡುತ್ತಾರೆ. 20.04ರಲ್ಲಿ ಯಾರು ಬೇಕಾದರೂ ಹಾದುಹೋಗಬಹುದಿತ್ತು, ಈಗಿಲ್ಲ. ಒಳ್ಳೆಯ ಬದಲಾವಣೆಯೇ. ಆದರೆ 20.04ರಿಂದ ಹೊಸ ಮಷೀನಿಗೆ ಬರುವವರೆಲ್ಲ ಇಲ್ಲಿ ಒಮ್ಮೆ ನಿಲ್ಲುತ್ತಾರೆ.

644 ಹೇಗೆ ಬಂತು ಅಂತ ತಿಳಿಯಬೇಕು. 'ಸುಡೊ ಜರ್ನಲ್‌ಸಿಟಿಎಲ್' ಕೊಟ್ಟು ಅದರಲ್ಲಿ ಸಿಎಚ್‌ಮಾಡ್ ಅನ್ನುವ ಪದವನ್ನು ಗ್ರೆಪ್ ಮಾಡಿ. ಸುಡೊದಲ್ಲಿ ಓಡಿಸಿದ ಪ್ರತಿ ಆಜ್ಞೆಯೂ ಅಲ್ಲಿ ದಾಖಲಾಗಿರುತ್ತದೆ.

ವಿರಾಜಪೇಟೆ_ಬಿಸಿಎ

ಅಣ್ಣ, ವಿವರಣೆ ತುಂಬಾ ಚೆನ್ನಾಗಿದೆ. ಆದರೂ ಕೇಳ್ತೀನಿ, 777 ಕೊಟ್ಟರೆ ಎಲ್ಲರಿಗೂ ಎಕ್ಸ್ ಸಿಗುತ್ತಲ್ಲ, ಕೆಲಸ ಆಗುತ್ತಲ್ಲ? ಮನೆಯಲ್ಲಿರೋ ಸರ್ವರ್, ಮಳೆ ಲೆಕ್ಕ, ಇದರಲ್ಲಿ ಯಾರು ಏನು ಕದೀತಾರೆ?

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ಮೊದಲನೆಯದಾಗಿ, ದಾಖಲೆ ಫೋಲ್ಡರಿಗೆ 777 ಕೊಟ್ಟಿದ್ದರೂ ವೆಬ್ ಪುಟ ತೆರೆಯುತ್ತಿರಲಿಲ್ಲ, ಯಾಕೆಂದರೆ ಅದಕ್ಕೂ ಮೇಲಿನ ಹೋಮ್ ಡೈರೆಕ್ಟರಿ 750ರಲ್ಲೇ ಇದೆ. ಆಗ ಜನ ಏನು ಮಾಡುತ್ತಾರೆ ಗೊತ್ತಾ? ಒಂದು ಹಂತ ಮೇಲೆ ಹೋಗಿ ಹೋಮ್ ಡೈರೆಕ್ಟರಿಗೂ -ಆರ್ 777 ಕೊಡುತ್ತಾರೆ. ಮರುದಿನ ಎಸ್‌ಎಸ್‌ಎಚ್ ಕೀ ಕೆಲಸ ಮಾಡುವುದಿಲ್ಲ, ಯಾಕೆಂದರೆ ಹೋಮ್ ಡೈರೆಕ್ಟರಿಗೋ ಡಾಟ್-ಎಸ್‌ಎಸ್‌ಎಚ್ ಫೋಲ್ಡರಿಗೋ ಬೇರೆಯವರೂ ಬರೆಯಬಹುದು ಅಂತಾದರೆ ಎಸ್‌ಎಸ್‌ಎಚ್ ಸರ್ವರ್ ಆ ಕೀಯನ್ನು ನಂಬುವುದೇ ಇಲ್ಲ. ಇನ್ನೂ ಮೇಲೆ ಹೋಗಿ /ಇಟಿಸಿಗೆ ಕೊಟ್ಟವರನ್ನೂ ನೋಡಿದ್ದೇನೆ. ಸುಡೊಯರ್ಸ್ ಫೈಲಿಗೆ ಯಾರು ಬೇಕಾದರೂ ಬರೆಯುವಂತಾದರೆ ಸುಡೊ ಓಡಲು ಒಪ್ಪುವುದಿಲ್ಲ. ಅಲ್ಲಿಗೆ ರಿಪೇರಿ ಮಾಡುವ ಬಾಗಿಲೂ ಮುಚ್ಚಿತು.

ಕದಿಯುವುದರ ಮಾತಿಗೆ ಬಂದರೆ, ಇಲ್ಲಿ ಭಯ ಕಳ್ಳತನದ್ದಲ್ಲ. ಡೈರೆಕ್ಟರಿಗೆ ಡಬ್ಲ್ಯೂ ಮತ್ತು ಎಕ್ಸ್ ಇರುವ ಯಾರೇ ಆಗಲಿ ಒಳಗಿನ ಫೈಲನ್ನು ಅಳಿಸಬಹುದು. ಆ ಫೈಲು ಅವರದ್ದಾಗಿರಬೇಕು ಅಂತಿಲ್ಲ, ಫೈಲಿಗೆ ಬರೆಯುವ ಅನುಮತಿಯೂ ಬೇಕಾಗಿಲ್ಲ. ವೆಬ್ ಸರ್ವರ್ ಹೊರಗಿನ ಪ್ರಪಂಚದ ಜೊತೆ ಮಾತಾಡುವ ಪ್ರೋಗ್ರಾಂ. ಅದರಲ್ಲೊಂದು ದೋಷ ಸಿಕ್ಕಿದರೆ, 777 ಇದ್ದ ಕಡೆಯೆಲ್ಲ ಒಂದೇ ಆಜ್ಞೆಯಲ್ಲಿ ಖಾಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಆ ದಿನಗಳಲ್ಲಿ ಎಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದು ಪೆನ್ಸಿಲಿನಲ್ಲಿ ಬರೆದ ಇಂಥ ಪುಸ್ತಕಗಳಲ್ಲಿದೆ. ಊರೂರಿಗೆ ಮಳೆ ಬದಲಾಗುವ ಜಿಲ್ಲೆ ನಮ್ಮದು, ಭಾಗಮಂಡಲದ ಲೆಕ್ಕ ಕುಶಾಲನಗರಕ್ಕೆ ಹೊಂದುವುದಿಲ್ಲ. ಮನೆಮನೆಯ ಮಾಪಕದ ಲೆಕ್ಕ ಕಳೆದುಹೋದರೆ ಮತ್ತೆ ತರುವುದು ಎಲ್ಲಿಂದ? ಕಾಲೇಜು ಲ್ಯಾಬಿನ ಮಷೀನನ್ನು ಮತ್ತೆ ಫಾರ್ಮ್ಯಾಟ್ ಮಾಡಬಹುದು, ಇದನ್ನು ಮಾಡಲಾಗುವುದಿಲ್ಲ.

ಮಳೆಲೆಕ್ಕ (ನಾಪೋಕ್ಲು)

ಜರ್ನಲ್‌ನಲ್ಲಿ ಸಿಕ್ಕಿತು ಸಾರ್. ಮಷೀನ್ ಹಾಕಿಕೊಟ್ಟ ದಿನವೇ 'ಸಿಎಚ್‌ಮಾಡ್ -ಆರ್ 644 /ಹೋಮ್/ಮಳೆ/ದಾಖಲೆ' ಅಂತ ಸುಡೊದಲ್ಲಿ ಓಡಿಸಿದ್ದಾರೆ. ಈಗ ಸರಿಮಾಡುವುದು ಹೇಗೆ? ನಾವು ನಾಲ್ಕೈದು ಮನೆಯವರು ಪುಟ ಸೇರಿಸುತ್ತೇವೆ, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಇದೆ. ವೆಬ್‌ನಲ್ಲಿ ನೋಡುವವರಿಗೆ ಓದಲು ಮಾತ್ರ ಸಿಕ್ಕರೆ ಸಾಕು.

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಸುಡೊದಲ್ಲಿ ಓಡಿಸಿದ್ದರಿಂದ ಒಳಗಿನ ಪ್ರತಿ ವರ್ಷದ ಫೋಲ್ಡರೂ 644 ಆಗಿರುತ್ತದೆ. ಹಾಗಾಗಿ ಮೇಲಿನದೊಂದನ್ನು ಸರಿಮಾಡಿದರೆ ಸಾಲದು.

ನನ್ನ ಸಲಹೆ, ದಾಖಲೆಯನ್ನು ಹೋಮ್ ಡೈರೆಕ್ಟರಿಯಿಂದಲೇ ಎತ್ತಿಬಿಡಿ. ನಾಲ್ಕೈದು ಮನೆಯವರು ಸೇರಿ ನಡೆಸುವ ಕೆಲಸ ಒಬ್ಬರ ಮನೆಯೊಳಗೆ ಇರಬಾರದು. ಸರ್ವರ್ ಹೊರಗೆ ಬಡಿಸುವ ಸಾಮಗ್ರಿಗೆಂದೇ ಲಿನಕ್ಸಿನಲ್ಲಿ /ಎಸ್‌ಆರ್‌ವಿ ಅನ್ನುವ ಜಾಗ ಇದೆ. ಮೊದಲು ಇನ್ನೊಂದು ಡಿಸ್ಕಿಗೆ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಆಮೇಲೆ ಹೀಗೆ:

ಸುಡೊ ಎಂವಿ /ಹೋಮ್/ಮಳೆ/ದಾಖಲೆ /ಎಸ್‌ಆರ್‌ವಿ/ದಾಖಲೆ
ಸುಡೊ ಗ್ರೂಪ್‌ಆಡ್ ಮಳೆಬಳಗ
ಸುಡೊ ಸಿಎಚ್‌ಓನ್ -ಆರ್ ಮಳೆ:ಮಳೆಬಳಗ /ಎಸ್‌ಆರ್‌ವಿ/ದಾಖಲೆ
ಸುಡೊ ಫೈಂಡ್ /ಎಸ್‌ಆರ್‌ವಿ/ದಾಖಲೆ -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 2770 {} +
ಸುಡೊ ಫೈಂಡ್ /ಎಸ್‌ಆರ್‌ವಿ/ದಾಖಲೆ -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 660 {} +

ಡೈರೆಕ್ಟರಿಗೆ ಒಂದು ಅಂಕಿ, ಫೈಲಿಗೆ ಇನ್ನೊಂದು. ಎರಡನ್ನೂ ಒಂದೇ -ಆರ್ ಅಡಿಯಲ್ಲಿ ತಂದಿದ್ದಕ್ಕೇ ಇಷ್ಟೆಲ್ಲ ಆದದ್ದು. ಫೈಂಡ್ ಬೇಡ ಅನ್ನುವವರು ದೊಡ್ಡಕ್ಷರದ ಎಕ್ಸ್ ಬಳಸಬಹುದು: 'ಸಿಎಚ್‌ಮಾಡ್ -ಆರ್ ಯು=ಆರ್‌ಡಬ್ಲ್ಯೂಎಕ್ಸ್' ಅಂತ ಬರೆಯುವಾಗ ಕೊನೆಯ ಎಕ್ಸನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಅದು ಡೈರೆಕ್ಟರಿಗಳಿಗೂ ಮೊದಲೇ ಓಡುವ ಅನುಮತಿ ಇದ್ದ ಫೈಲುಗಳಿಗೂ ಮಾತ್ರ ಹೋಗುತ್ತದೆ.

2770ರ ಮುಂದಿನ 2 ನಿಮ್ಮಂಥ ಗುಂಪಿನ ಕೆಲಸಕ್ಕೆ ಬಲು ಮುಖ್ಯ. ಅದಿದ್ದರೆ ಒಳಗೆ ಯಾರೇ ಹೊಸ ಫೈಲ್ ಮಾಡಿದರೂ ಅದು 'ಮಳೆಬಳಗ' ಗುಂಪಿನ ಹೆಸರಿಗೇ ಬರುತ್ತದೆ, ಮಾಡಿದವರ ಸ್ವಂತ ಗುಂಪಿಗೆ ಹೋಗುವುದಿಲ್ಲ.

ವೆಬ್ ಸರ್ವರನ್ನು ಈ ಗುಂಪಿಗೆ ಸೇರಿಸಬೇಡಿ, ಸೇರಿಸಿದರೆ ಬರೆಯುವ ಹಕ್ಕೂ ಅದಕ್ಕೆ ಸಿಕ್ಕಿಬಿಡುತ್ತದೆ. ಓದಲು ಮಾತ್ರ ಕೊಡುವುದಕ್ಕೆ ಎಸಿಎಲ್ ಇದೆ, ಅಂದರೆ ಒಬ್ಬ ಬಳಕೆದಾರನಿಗೆ ಅಂತಲೇ ಬೇರೆ ಅನುಮತಿ ಬರೆಯುವ ಪಟ್ಟಿ. 'ಎಸಿಎಲ್' ಪ್ಯಾಕೇಜ್ ಇಲ್ಲದಿದ್ದರೆ ಆಪ್ಟ್‌ನಲ್ಲಿ ಹಾಕಿಕೊಳ್ಳಿ. ಸೆಟ್‌ಎಫ್‌ಎಸಿಎಲ್ ಅನ್ನು -ಆರ್ -ಎಂ ಜೊತೆ ಕೊಟ್ಟು, ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಬಳಕೆದಾರನಿಗೆ ಆರ್ ಮತ್ತು ದೊಡ್ಡ ಎಕ್ಸ್ ಕೊಡಿ. ಅದೇ ಆಜ್ಞೆಯನ್ನು -ಡಿ ಸೇರಿಸಿ ಇನ್ನೊಮ್ಮೆ ಕೊಡಿ, ಮುಂದೆ ಸೇರುವ ಪುಟಗಳಿಗೂ ತಾನಾಗಿ ಅನ್ವಯಿಸುತ್ತದೆ. ಮಳೆಬಳಗ ಗುಂಪಿಗೂ -ಡಿ ಜೊತೆ ಆರ್, ಡಬ್ಲ್ಯೂ, ದೊಡ್ಡ ಎಕ್ಸ್ ಕೊಡಿ. ಆಮೇಲೆ ಎಲ್‌ಎಸ್ -ಎಲ್‌ಡಿ ಕೊಟ್ಟರೆ ಅಕ್ಷರಗಳ ಕೊನೆಗೆ ಒಂದು ಕೂಡಿಸುವ ಚಿಹ್ನೆ ಕಾಣುತ್ತದೆ. ಆ ಚಿಹ್ನೆ ಕಂಡಲ್ಲೆಲ್ಲ ಗೆಟ್‌ಎಫ್‌ಎಸಿಎಲ್ ಕೊಟ್ಟೇ ನೋಡಬೇಕು, ಬರೀ ಒಂಬತ್ತು ಅಕ್ಷರ ನಂಬಬಾರದು. ಎಸಿಎಲ್ ಬಂದ ಮೇಲೆ ನಡುವಿನ ಮೂರು ಅಕ್ಷರಗಳು ಗುಂಪಿನ ಅನುಮತಿ ಅಲ್ಲ, ಮಾಸ್ಕ್, ಅಂದರೆ ಮೇಲ್ಮಿತಿ. ಮುಂದೆ ಯಾರಾದರೂ ಸಿಎಚ್‌ಮಾಡ್‌ನಲ್ಲಿ ಅದನ್ನು ಇಳಿಸಿದರೆ ವೆಬ್ ಸರ್ವರಿನ ಅನುಮತಿಯೂ ಇಳಿಯುತ್ತದೆ.

ಎಂಜಿನ್‌ಎಕ್ಸ್ ಸಂರಚನೆಯಲ್ಲಿ ಹೊಸ ದಾರಿ ಬರೆದು, 'ಎಂಜಿನ್‌ಎಕ್ಸ್ -ಟಿ' ಕೊಟ್ಟು ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡು ರಿಲೋಡ್ ಮಾಡಿ. ಬ್ರೌಸರ್ ತೆರೆಯುವ ಮುಂಚೆ ವೆಬ್ ಸರ್ವರಿನ ವೇಷದಲ್ಲೇ ಒಮ್ಮೆ ನೋಡಿ: 'ಸುಡೊ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಎಲ್‌ಎಸ್ /ಎಸ್‌ಆರ್‌ವಿ/ದಾಖಲೆ/2018'. ಪಟ್ಟಿ ಬಂತೆಂದರೆ ಅನುಮತಿಯ ಕಡೆಯಿಂದ ಕೆಲಸ ಮುಗಿಯಿತು. ಆಮೇಲೂ 403 ಬಂದರೆ ಅದು ಇಂಡೆಕ್ಸ್ ಪುಟ ಇಲ್ಲದ್ದಕ್ಕೆ ಬರುವ 403. ಲಾಗಿನಲ್ಲಿ ಆಗ 13 ಇರುವುದಿಲ್ಲ, ಡೈರೆಕ್ಟರಿ ಇಂಡೆಕ್ಸ್ ಫರ್ಬಿಡನ್ ಅಂತಿರುತ್ತದೆ.

ಹಾರಂಗಿ_ತೀರ (ಕುಶಾಲನಗರ)

ಮೇಲಿನ ಉತ್ತರ ಉಬುಂಟು, ಡೆಬಿಯನ್‌ಗೆ ಸರಿ. ಅಲ್ಮಾ, ರಾಕಿ, ಫೆಡೋರಾದಂಥ ಬೇರೆ ಲಿನಕ್ಸ್ ಬಳಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಅಲ್ಲಿ ನೇಮ್‌ಐ ಎಲ್ಲ ಸರಿ ಅಂತ ತೋರಿಸಿದರೂ 'ಪರ್ಮಿಷನ್ ಡಿನೈಡ್' ಬರಬಹುದು, ಅದು ಎಸ್‌ಇಲಿನಕ್ಸ್ ತಡೆ, ಅಂದರೆ ಫೈಲಿನ ಲೇಬಲ್ ನೋಡಿ ತಡೆಯುವ ಇನ್ನೊಂದು ಭದ್ರತೆ. ಎಲ್‌ಎಸ್‌ಗೆ ದೊಡ್ಡಕ್ಷರದ ಝಡ್ ಸೇರಿಸಿ ನೋಡಿ. ಹೋಮ್ ಡೈರೆಕ್ಟರಿಯಿಂದ ಎಂವಿ ಮಾಡಿ ತಂದ ಫೈಲುಗಳು ಹೋಮ್‌ನ ಲೇಬಲನ್ನೇ ಹೊತ್ತುಕೊಂಡು ಬರುತ್ತವೆ. ಸಿಪಿ ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಎಂವಿ ಮಾಡಿಬಿಟ್ಟಿದ್ದರೆ 'ರೀಸ್ಟೋರ್‌ಕಾನ್ -ಆರ್‌ವಿ' ಕೊಡಿ, ಲೇಬಲ್ ಆ ಜಾಗಕ್ಕೆ ತಕ್ಕ ಹಾಗೆ ಬರುತ್ತದೆ. ವೆಬ್ ಸರ್ವರಿಗೆ ಗೊತ್ತಿಲ್ಲದ ಜಾಗವಾದರೆ ಮೊದಲು ಸೆಮ್ಯಾನೇಜ್‌ನಲ್ಲಿ ಆ ದಾರಿಗೆ ಲೇಬಲ್ ಗೊತ್ತುಮಾಡಬೇಕು.

ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಅಂತ ಹೇಳುವವರ ಮಾತು ಕೇಳಬೇಡಿ. ಎಯುಸರ್ಚ್ ಕೊಟ್ಟರೆ ಯಾವ ಪ್ರೋಗ್ರಾಮನ್ನು ಯಾವ ಫೈಲಿನ ಹತ್ತಿರ ತಡೆದೆ ಅಂತ ಅದೇ ಹೇಳುತ್ತದೆ.

ಇನ್ನೊಂದು ಕಡೆಯೂ ಜನ ಸಿಕ್ಕಿಬೀಳುತ್ತಾರೆ. ಮಾರಿಯಾಡಿಬಿಯಂಥ ಸೇವೆಗಳ ಸಿಸ್ಟಮ್‌ಡಿ ಫೈಲಿನಲ್ಲಿ 'ಪ್ರೊಟೆಕ್ಟ್‌ಹೋಮ್' ಅನ್ನುವ ಸಾಲು ಇರುತ್ತದೆ. ಅದಿದ್ದರೆ ಆ ಸೇವೆಗೆ /ಹೋಮ್ ಒಳಗೆ ಏನೂ ಸಿಗುವುದಿಲ್ಲ, 777 ಅಲ್ಲ, ಏನು ಕೊಟ್ಟರೂ ಸಿಗುವುದಿಲ್ಲ. /ಎಸ್‌ಆರ್‌ವಿಗೆ ಹೋಗಿ ಅಂದದ್ದಕ್ಕೆ ಇದೂ ಒಂದು ಕಾರಣ ಅಂತ ಸೇರಿಸಿಕೊಳ್ಳಿ.

ಮಳೆಲೆಕ್ಕ (ನಾಪೋಕ್ಲು)

ವೆಬ್ ಪುಟ ತೆರೆಯಿತು! ಸುಡೊ -ಯು ಕೊಟ್ಟು ನೋಡಿದಾಗಲೇ ಪಟ್ಟಿ ಬಂತು, ಬ್ರೌಸರಿನಲ್ಲೂ ಬಂತು. ನಮ್ಮ ಮಾವನವರು 2018ರ ಪುಟ ತೆಗೆಸಿ ಓದಿಸಿಕೊಂಡರು.

ಆದರೆ ಪಕ್ಕದ ಮನೆಯವರನ್ನು 'ಯೂಸರ್‌ಮಾಡ್ -ಎಜಿ ಮಳೆಬಳಗ' ಅಂತ ಗುಂಪಿಗೆ ಸೇರಿಸಿದೆ, ಅವರಿಗೆ ಇನ್ನೂ 'ಪರ್ಮಿಷನ್ ಡಿನೈಡ್'. ಇನ್ನೊಂದು ಮನೆಯವರಿಗೂ ಹಾಗೇ ಬಂದಿತ್ತು, ಬೆಳಿಗ್ಗೆ ನೋಡಿದರೆ ತಾನಾಗಿ ಸರಿಯಾಗಿದೆ.

ಇನ್ನೊಂದು, ಹಳೆ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಜೋಡಿಸಿದರೆ ಅದರ ಫೈಲುಗಳ ಮಾಲೀಕರ ಜಾಗದಲ್ಲಿ ಹೆಸರೇ ಇಲ್ಲ, 1007 ಅಂತ ಬರೀ ಅಂಕಿ ಇದೆ. ಕೆಲವು ಫೋಲ್ಡರ್ ತೆರೆಯುವುದಿಲ್ಲ.

ಕಣದಮನೆ (ಪೊನ್ನಂಪೇಟೆ)

ನಾನು ಹೇಳಲಾ? ಗುಂಪಿನ ಪಟ್ಟಿಯನ್ನು ಲಾಗಿನ್ ಆಗುವ ಹೊತ್ತಿಗೇ ಓದಿಕೊಳ್ಳುತ್ತದೆ. ಆಮೇಲೆ ಸೇರಿಸಿದ ಗುಂಪು ಆಗಲೇ ನಡೆಯುತ್ತಿರುವ ಸೆಷನ್‌ಗೆ ಗೊತ್ತಾಗುವುದಿಲ್ಲ. ಅವರು ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬರಲಿ. ಇನ್ನೊಂದು ಮನೆಯವರದು ಬೆಳಿಗ್ಗೆ ಹೊಸದಾಗಿ ಲಾಗಿನ್ ಆದ ಕಾರಣ ಸರಿಯಾಯಿತು. 'ಐಡಿ' ಅಂತಷ್ಟೇ ಕೊಟ್ಟರೆ ಈ ಸೆಷನ್ನಿನ ಗುಂಪುಗಳು ಬರುತ್ತವೆ, 'ಐಡಿ' ಮುಂದೆ ಹೆಸರು ಕೊಟ್ಟರೆ ದಾಖಲೆಯಲ್ಲಿರುವ ಗುಂಪುಗಳು. ಎರಡೂ ಬೇರೆ ಬೇರೆ ಬಂದರೆ ವಿಷಯ ಇದೇ. ತುರ್ತಿದ್ದರೆ 'ನ್ಯೂಜಿಆರ್‌ಪಿ ಮಳೆಬಳಗ' ಕೊಡಬಹುದು, ಆದರೆ ಆ ಒಂದು ಶೆಲ್‌ಗೆ ಮಾತ್ರ. ಯಾವುದಾದರೂ ಸೇವೆಯ ಬಳಕೆದಾರನನ್ನು ಗುಂಪಿಗೆ ಸೇರಿಸಿದ್ದರೆ ಆ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು.

ಯೂಸರ್‌ಮಾಡ್‌ನಲ್ಲಿ -ಜಿ ಜೊತೆ ಎ ಇರಲೇಬೇಕು, ನೀವು ಹಾಕಿದ್ದೀರಿ. ಎ ಬಿಟ್ಟರೆ ಮುಖ್ಯ ಗುಂಪು ಬಿಟ್ಟು ಹಳೆ ಗುಂಪುಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ಅದರಲ್ಲಿ ಸುಡೊ ಗುಂಪೂ ಹೋದರೆ ಪಾಡು ಬೇಡ.

1007ರ ವಿಷಯ: ಡಿಸ್ಕಿನ ಮೇಲೆ ಬರೆದಿರುವುದು ಹೆಸರಲ್ಲ, ಅಂಕಿ. ಹಳೆ ಮಷೀನಿನಲ್ಲಿ ನಿಮ್ಮ ಲಾಗಿನ್ ಬೇರೆಯವರದ್ದಾದ ಮೇಲೆ ಮಾಡಿದ್ದಿರಬೇಕು, 1007 ಆಗಿತ್ತು. ಇಲ್ಲಿ ಮೊದಲನೆಯದು, 1000. ಆ ಅಂಕಿಗೆ ಹೊಸ ಮಷೀನಿನಲ್ಲಿ ಯಾರೂ ಇಲ್ಲದ್ದರಿಂದ ಹೆಸರು ಕಾಣುತ್ತಿಲ್ಲ. ಇದರಲ್ಲಿ ಒಂದು ಅಪಾಯ ಇದೆ, ನಾಳೆ ಹೊಸದಾಗಿ ಸೇರುವ ಯಾರದೋ ಲಾಗಿನ್‌ಗೆ 1007 ಬಂದರೆ ಹಳೆ ಡಿಸ್ಕಿನ ಫೈಲುಗಳೆಲ್ಲ ಅವರದ್ದಾಗಿ ಕಾಣುತ್ತವೆ. ಹಳೆ ಡಿಸ್ಕಿನ ಮೇಲೆ ಮಾಲೀಕತ್ವ ಬದಲಿಸಲು ಹೋಗಬೇಡಿ, ಅದು ನಿಮ್ಮ ಮೂಲ ಪ್ರತಿ. ಅದನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಸುಡೊದಲ್ಲಿ ಆರ್‌ಸಿಂಕ್ ಮಾಡಿ ಹೊಸ ಜಾಗಕ್ಕೆ ತನ್ನಿ, ಅಲ್ಲಿ ಸಿಎಚ್‌ಓನ್ ಕೊಡಿ.

ಬ್ಯಾಕಪ್‌ಗೆ ಹೊಸ ಡಿಸ್ಕ್ ತರುವವರು ಅದು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿದ್ದರೆ ಇದ್ದ ಹಾಗೇ ಬಳಸಬೇಡಿ. ಅದರಲ್ಲಿ ಮಾಲೀಕ, ಗುಂಪು ಅನ್ನುವ ಮಾಹಿತಿಯನ್ನು ಇಡುವ ಜಾಗವೇ ಇಲ್ಲ. ಎಲ್ಲಾ ಫೈಲಿಗೂ ಮೌಂಟ್ ಮಾಡುವಾಗ ಕೊಟ್ಟ ಒಂದೇ ಅನುಮತಿ, ಆಮೇಲೆ ಸಿಎಚ್‌ಮಾಡ್ ಎಷ್ಟು ಕೊಟ್ಟರೂ ಬದಲಾಗುವುದಿಲ್ಲ. ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿಕೊಳ್ಳಿ.

ನಿವೃತ್ತ_ಮೇಷ್ಟ್ರು (ಮಡಿಕೇರಿ)

ಈ ಚರ್ಚೆಯನ್ನು ಮೊದಲಿನಿಂದ ಓದಿದೆ, ಬಹಳ ಉಪಯೋಗವಾಯಿತು. ನಮ್ಮ ಮನೆಯಲ್ಲೂ ಹಳೆಯ ಪುಸ್ತಕಗಳ ಸ್ಕ್ಯಾನ್ ಇರುವ ಒಂದು ಉಬುಂಟು ಯಂತ್ರ ಇದೆ. ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಫೋಲ್ಡರ್ ತೆರೆಯುತ್ತದೆ, ಓದಬಹುದು, ಆದರೆ ಹೊಸದೇನನ್ನೂ ಉಳಿಸಲಾಗುತ್ತಿಲ್ಲ. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಎನ್ನುತ್ತದೆ. ಸುಡೊ ಹಾಕಿದರೂ ಅದೇ. ನಾನೂ ಎಸಿಎಲ್ ಕೊಡಬೇಕೇ?

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಬೇಡ ಮೇಷ್ಟ್ರೇ, ದಯವಿಟ್ಟು ಅನುಮತಿ ಯಾವುದನ್ನೂ ಮುಟ್ಟಬೇಡಿ. ಸುಡೊ ಹಾಕಿದರೂ ಅದೇ ಬರುತ್ತದೆ ಅಂದಿರಲ್ಲ, ಅದರಿಂದಲೇ ಇದು ಅನುಮತಿಯ ಪ್ರಶ್ನೆ ಅಲ್ಲ ಅಂತ ಗೊತ್ತಾಯಿತು. ಕರೆಂಟ್ ಹಠಾತ್ ಹೋದಾಗ ಫೈಲ್ ಸಿಸ್ಟಮ್‌ನಲ್ಲಿ ಏನೋ ಏರುಪೇರಾಗಿದೆ, ಇನ್ನಷ್ಟು ಹಾಳಾಗದಿರಲಿ ಅಂತ ಕರ್ನೆಲ್ ತಾನೇ ಬರೆಯುವುದನ್ನು ನಿಲ್ಲಿಸಿದೆ. ನಿಮ್ಮನ್ನು ಕಾಪಾಡುವ ಕೆಲಸ ಅದು. ಬಲವಂತವಾಗಿ ರೀಮೌಂಟ್ ಮಾಡಿ ಬರೆಯಲು ಹೋಗಬೇಡಿ.

ಈಗ ಓದಲು ಬರುತ್ತಿದೆ, ಹಾಗಾಗಿ ಮೊಟ್ಟಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಬೇರೆಲ್ಲ ಆಮೇಲೆ. ನಂತರ 'ಸುಡೊ ಡಿಮೆಸೇಜ್' ಕೊಟ್ಟು ಕೊನೆಯಲ್ಲಿ ಇಎಕ್ಸ್‌ಟಿ4 ಎರರ್ ಇದೆಯೋ, ಐ/ಓ ಎರರ್ ಇದೆಯೋ ನೋಡಿ. ಬರೀ ಇಎಕ್ಸ್‌ಟಿ4 ಎರರ್ ಆದರೆ ಫೈಲ್ ಸಿಸ್ಟಮ್ ರಿಪೇರಿಯ ಎಫ್‌ಎಸ್‌ಸಿಕೆ ಆಜ್ಞೆ ಸರಿಮಾಡುತ್ತದೆ. ಆದರೆ ಮೌಂಟ್ ಆಗಿರುವ ಡಿಸ್ಕಿನ ಮೇಲೆ ಅದನ್ನು ಓಡಿಸಬಾರದು. ದಾಖಲೆ ಇರುವುದು ಪ್ರತ್ಯೇಕ ಪಾರ್ಟಿಷನ್ನಿನಲ್ಲಾದರೆ ಅನ್‌ಮೌಂಟ್ ಮಾಡಿ ಓಡಿಸಿ, ಸಿಸ್ಟಮ್ ಇರುವ ಪಾರ್ಟಿಷನ್ ಆದರೆ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಓಡಿಸಿ. ಐ/ಓ ಎರರ್ ಕಂಡರೆ ಎಫ್‌ಎಸ್‌ಸಿಕೆಯನ್ನೂ ಓಡಿಸಬೇಡಿ, 'ಸ್ಮಾರ್ಟ್‌ಸಿಟಿಎಲ್ -ಎ' ಕೊಟ್ಟು ಅದರ ಉತ್ತರ ಇಲ್ಲಿ ಹಾಕಿ. ಡಿಸ್ಕೇ ಸಾಯುತ್ತಿದ್ದರೆ ಅದಕ್ಕೆ ಹೆಚ್ಚು ಕೆಲಸ ಕೊಡುವಂತಿಲ್ಲ.

ಹಳೆಯ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಆಗಿದ್ದರೆ ಕಥೆ ಬೇರೆ. ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಫಾಸ್ಟ್ ಸ್ಟಾರ್ಟಪ್‌ನಲ್ಲಿ ನಿಂತಿದ್ದರೂ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ. ಅದು ಯಾವುದು ಅಂತ 'ಫೈಂಡ್‌ಎಂಎನ್‌ಟಿ' ಕೊಟ್ಟರೆ ಗೊತ್ತಾಗುತ್ತದೆ, ಆ ಸಾಲನ್ನೂ ಹಾಕಿ.

ನಿವೃತ್ತ_ಮೇಷ್ಟ್ರು (ಮಡಿಕೇರಿ)

ಕಾಪಿ ಮುಗಿಯಿತು, ಎಲ್ಲಾ ಪುಟಗಳೂ ತೆರೆಯುತ್ತಿವೆ. ಡಿಮೆಸೇಜಿನಲ್ಲಿ ಇಎಕ್ಸ್‌ಟಿ4 ಎರರ್ ಮಾತ್ರ ಇತ್ತು, ಐ/ಓ ಎರರ್ ಇರಲಿಲ್ಲ. ದಾಖಲೆ ಬೇರೆ ಪಾರ್ಟಿಷನ್ನಿನಲ್ಲಿ ಇದ್ದದ್ದರಿಂದ ಮೊಮ್ಮಗಳು ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ಓಡಿಸಿದಳು. ಈಗ ಬರೆಯಲು ಬರುತ್ತಿದೆ. ಆದರೆ 'ಲಾಸ್ಟ್+ಫೌಂಡ್' ಎಂಬ ಫೋಲ್ಡರಿನಲ್ಲಿ ಅಂಕಿಗಳ ಹೆಸರಿನ ಕೆಲವು ಫೈಲುಗಳು ಬಂದಿವೆ. ಅದನ್ನು ತೆರೆಯಲು ಹೋದರೆ ಮತ್ತೆ ಅದೇ 'ಪರ್ಮಿಷನ್ ಡಿನೈಡ್'!

ಬೆಟ್ಟದಡಿ_ಅಡ್ಮಿನ್ (ಸೋಮವಾರಪೇಟೆ)

ಆ ಫೋಲ್ಡರ್ ರೂಟ್‌ಗೆ ಮಾತ್ರ ತೆರೆಯುವಂತೆ 700ರಲ್ಲಿ ಇರುತ್ತದೆ ಮೇಷ್ಟ್ರೇ, ಅದು ಹಾಗೇ ಇರಬೇಕು, ಅದರ ಅನುಮತಿ ಬದಲಿಸಬೇಡಿ. ಎಫ್‌ಎಸ್‌ಸಿಕೆಗೆ ಸಿಕ್ಕ, ಯಾವ ಫೋಲ್ಡರಿಗೆ ಸೇರಿದ್ದು ಅಂತ ಗೊತ್ತಾಗದ ಫೈಲುಗಳು ಅವು. ಸುಡೊದಲ್ಲಿ ಬೇರೊಂದು ಫೋಲ್ಡರಿಗೆ ಸಿಪಿ ಮಾಡಿ, ಅಲ್ಲಿ ನಿಮ್ಮ ಹೆಸರಿಗೆ ಸಿಎಚ್‌ಓನ್ ಕೊಟ್ಟು 'ಫೈಲ್' ಆಜ್ಞೆಯಿಂದ ಒಂದೊಂದೂ ಏನು ಅಂತ ನೋಡಿ. ಜೆಪೆಗ್ ಅಂತ ಬಂದರೆ ಅದು ನಿಮ್ಮ ಸ್ಕ್ಯಾನ್ ಪುಟವೇ, ತೆರೆದು ನೋಡಿ ಆಯಾ ವರ್ಷದ ಫೋಲ್ಡರಿನಲ್ಲಿ ಅದು ಆಗಲೇ ಇದೆಯೇ ಅಂತ ಹೋಲಿಸಿ. ಎಲ್ಲ ಹೋಲಿಸಿ ಮುಗಿಯುವವರೆಗೆ ಲಾಸ್ಟ್+ಫೌಂಡ್‌ನಿಂದ ಏನನ್ನೂ ಅಳಿಸಬೇಡಿ. ಮುಂದಿನ ಮಳೆಗಾಲಕ್ಕೆ ಮುಂಚೆ ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಯಂತ್ರಕ್ಕೆ ಜೋಡಿಸಿ 'ನಟ್' ಪ್ಯಾಕೇಜ್ ಹಾಕಿಕೊಳ್ಳಿ, ಬ್ಯಾಟರಿ ಇಳಿದಾಗ ಯಂತ್ರ ತಾನೇ ಕ್ರಮವಾಗಿ ಶಟ್‌ಡೌನ್ ಆಗುತ್ತದೆ. ಸಂರಚನೆಯಲ್ಲಿ ತೊಡಕಾದರೆ ಯುಪಿಎಸ್‌ನ ಮಾಡೆಲ್ ಹಾಕಿ ಇಲ್ಲೇ ಕೇಳಿ.